ಒಂದೇ ಜೀನು, ಎರಡು ಶುಗರ್ ರಿಪೋರ್ಟು: ಅವಳಿಗಳಾದ ನಾವು ನಮ್ಮನ್ನೇ ಅಳೆದು ನೋಡಿದ್ದು

ನಾನು ಮತ್ತು ಅಕ್ಕ ಅವಳಿಗಳು. ಕೆಲವು ನಿಮಿಷ ಮೊದಲು ಹುಟ್ಟಿದ್ದರಿಂದ ಅವಳು ಅಕ್ಕ. ನಾನಿರುವುದು ಕಾಸರಗೋಡಿನ ಪೆರ್ಲದ ಹತ್ತಿರ, ಅಡಿಕೆ ತೋಟದ ಮನೆಯಲ್ಲಿ. ಅಕ್ಕನಿಗೆ ಬೆಂಗಳೂರಿನಲ್ಲಿ ರಾತ್ರಿ ಪಾಳಿಯ ಕೆಲಸ. ನಲವತ್ತು ದಾಟಿದ ಮೇಲೆ ಇಬ್ಬರೂ ರಕ್ತ ಪರೀಕ್ಷೆ ಮಾಡಿಸಿದೆವು. ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ ನನ್ನದು 5.5, ಅಕ್ಕನದು 6.3. ಇದು 5.7ರಿಂದ 6.4ರ ಒಳಗಿದ್ದರೆ ಡಯಾಬಿಟಿಸ್‌ನ ಹೊಸ್ತಿಲಲ್ಲಿ ಇದ್ದೇವೆ ಎಂದರ್ಥ. 6.5 ಮುಟ್ಟಿದರೆ ಡಯಾಬಿಟಿಸ್.

"ಅಪ್ಪನಿಗಿತ್ತು, ನನಗೂ ಬಂತು, ಏನು ಮಾಡುವುದು" ಎಂದಳು ಅಕ್ಕ. ನನಗೆ ಆ ಮಾತು ಒಪ್ಪಿಗೆಯಾಗಲಿಲ್ಲ. ಅಪ್ಪ ನನಗೂ ಅಪ್ಪನೇ ಅಲ್ವಾ? ಹಾಗಾದರೆ ನಮ್ಮಿಬ್ಬರ ನಡುವಿನ ವ್ಯತ್ಯಾಸ ಬಂದದ್ದು ಎಲ್ಲಿಂದ? ಅದನ್ನು ಹುಡುಕಲು ಹೊರಟೆವು.

ಮೊದಲು ಒಂದು ವಿಷಯ ಖಚಿತವಾಗಬೇಕಿತ್ತು. ನೋಡಲು ಒಂದೇ ಥರ ಇದ್ದ ಮಾತ್ರಕ್ಕೆ ಜೀನು ಒಂದೇ ಎನ್ನಲು ಬರುವುದಿಲ್ಲ. ಒಂದೇ ಅಂಡ ಎರಡಾಗಿ ಬೆಳೆದರೆ ಏಕರೂಪದ ಅವಳಿಗಳು, ಅವರ ಜೀನುಗಳು ಹೆಚ್ಚುಕಡಿಮೆ ಪೂರ್ತಿ ಒಂದೇ. ಎರಡು ಅಂಡಗಳಿಂದ ಹುಟ್ಟಿದವರು ಬೇರೆ ಅಣ್ಣತಮ್ಮ, ಅಕ್ಕತಂಗಿಯರ ಹಾಗೆಯೇ ಸರಾಸರಿ ಅರ್ಧದಷ್ಟು ಮಾತ್ರ ಹಂಚಿಕೊಳ್ಳುತ್ತಾರೆ. ನಮಗೆ ಮಾಸು ಎರಡಿತ್ತು, ಅದಕ್ಕೇ ನಾವು ಏಕರೂಪದವರಲ್ಲ ಎಂದು ಅಮ್ಮನಿಗೆ ಯಾರೋ ಹೇಳಿದ್ದರಂತೆ. ಆದರೆ ಏಕರೂಪದ ಅವಳಿಗಳಲ್ಲೂ ಮೂರರಲ್ಲಿ ಒಂದು ಜೋಡಿಗೆ ಸುಮಾರಾಗಿ ಮಾಸು ಬೇರೆ ಬೇರೆಯೇ ಇರುತ್ತದೆ. ಹಾಗಾಗಿ ಕೆನ್ನೆಯ ಒಳಗಿನಿಂದ ಸ್ವಾಬ್ ತೆಗೆಸಿ ಡಿಎನ್‌ಎ ಪರೀಕ್ಷೆ ಮಾಡಿಸಿದೆವು. ಏಕರೂಪದವರೇ ಎಂದು ಬಂತು.

ಅವಳಿಗಳ ಬಗ್ಗೆ ಆದ ಅಧ್ಯಯನಗಳನ್ನೂ ಓದಿಕೊಂಡೆ. 1990ರಲ್ಲಿ ಎರಡು ಮುಖ್ಯ ವರದಿಗಳು ಬಂದವು. ಒಂದು, ಸ್ವೀಡನ್ನಿನ ಅವಳಿಗಳ ಮೇಲೆ ಆಲ್ಬರ್ಟ್ ಸ್ಟಂಕಾರ್ಡ್ ಮತ್ತು ಜೊತೆಗಾರರು ಮಾಡಿದ್ದು. ಬೇರೆ ಬೇರೆ ಮನೆಗಳಲ್ಲಿ ಬೆಳೆದ ಏಕರೂಪದ ಅವಳಿಗಳಲ್ಲೂ ಎತ್ತರಕ್ಕೆ ತಕ್ಕ ತೂಕ, ಅಂದರೆ ಬಿಎಂಐ, ಬಹಳ ಹತ್ತಿರ ಹತ್ತಿರ ಇತ್ತು. ಪೂರ್ತಿ ಹೊಂದಿಕೆಗೆ 1 ಎಂದರೆ, ಗಂಡಸರಲ್ಲಿ 0.70, ಹೆಂಗಸರಲ್ಲಿ 0.66. ಇನ್ನೊಂದು, ಕೆನಡಾದಲ್ಲಿ ಕ್ಲಾಡ್ ಬುಷಾರ್ ತಂಡ ಮಾಡಿದ್ದು. 12 ಜೋಡಿ ಏಕರೂಪದ ಯುವಕರಿಗೆ 100 ದಿನಗಳ ಅವಧಿಯಲ್ಲಿ 84 ದಿನ, ದಿನಕ್ಕೆ 1000 ಕ್ಯಾಲರಿ ಜಾಸ್ತಿ ಊಟ ಹಾಕಿದರು. ಸರಾಸರಿ 8.1 ಕಿಲೋ ತೂಕ ಏರಿತು. ಆದರೆ ಒಬ್ಬನಿಗೆ 4.3 ಕಿಲೋ ಏರಿದರೆ ಇನ್ನೊಬ್ಬನಿಗೆ 13.3. ಒಂದೇ ಜೋಡಿಯ ಇಬ್ಬರು ಮಾತ್ರ ಹೆಚ್ಚುಕಡಿಮೆ ಒಂದೇ ಥರ ಏರಿದರು. ಹೆಚ್ಚಿನ ಊಟ ದೇಹದಲ್ಲಿ ಎಷ್ಟು ಉಳಿಯುತ್ತದೆ ಎಂಬುದರಲ್ಲಿ ಜೀನಿನ ಕೈ ದೊಡ್ಡದಿದೆ.

ಇಲ್ಲೊಂದು ಮಾತು ಬಿಡಿಸಿ ಹೇಳಬೇಕು, ಯಾಕೆಂದರೆ ಎಷ್ಟೋ ಜನ ಇಲ್ಲಿ ಎಡವುತ್ತಾರೆ. ತೂಕ ಶೇಕಡಾ 70 ವಂಶದಿಂದ ಅಂದರೆ ನನ್ನ ತೂಕದ 70 ಪಾಲು ಅಪ್ಪ ಅಮ್ಮನಿಂದ, 30 ಪಾಲು ಊಟದಿಂದ ಎಂದಲ್ಲ. ಒಂದು ಜನಸಮೂಹದಲ್ಲಿ ಜನರ ನಡುವೆ ಕಾಣುವ ವ್ಯತ್ಯಾಸದಲ್ಲಿ ಅಷ್ಟು ಪಾಲು ಜೀನಿನ ವ್ಯತ್ಯಾಸಕ್ಕೆ ಹೊಂದುತ್ತದೆ ಎಂದಷ್ಟೇ. ಒಬ್ಬ ಮನುಷ್ಯನಿಗೆ ಆ ಲೆಕ್ಕ ಹಾಕಲು ಬರುವುದಿಲ್ಲ. ಆದರೆ ಏಕರೂಪದ ಅವಳಿಗಳಲ್ಲಿ ಒಬ್ಬರಿಗೆ ಇದ್ದು ಇನ್ನೊಬ್ಬರಿಗೆ ಇಲ್ಲದ್ದು ಜೀನಿನಿಂದ ಬಂದಿರುವ ಸಂಭವ ತೀರಾ ಕಡಿಮೆ. ನಾವು ಹಿಡಿದುಕೊಂಡದ್ದು ಈ ಎಳೆಯನ್ನು.

ಮೇ ತಿಂಗಳ ರಜೆಗೆ ಅಕ್ಕ ಪುತ್ತೂರಿನಿಂದ ಅಡ್ಕಸ್ಥಳ ದಾರಿಯ ಬಸ್ಸು ಹಿಡಿದು ಬಂದಳು. ಒಂದೇ ಅಡುಗೆಮನೆ, ಒಂದೇ ಊಟ, ಒಂದೇ ಹೊತ್ತು. ಇಷ್ಟು ಒಳ್ಳೆಯ ಅವಕಾಶ ಇನ್ನೆಲ್ಲಿ ಸಿಗುತ್ತದೆ?

ಮೊದಲು ಸೊಂಟ ಅಳೆದೆವು. ಲಂಗದ ಲಾಡಿ ಕಟ್ಟುವ ಜಾಗದಲ್ಲಿ ಟೇಪು ಹಿಡಿದರೆ ಆಗುವುದಿಲ್ಲ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ, ಉಸಿರು ಸಹಜವಾಗಿ ಹೊರಗೆ ಬಿಟ್ಟ ಮೇಲೆ ಅಳೆಯಬೇಕು. ಅಕ್ಕನದು 86 ಸೆಂಟಿಮೀಟರ್, ನನ್ನದು 82. ಭಾರತದ ಹೆಂಗಸರಿಗೆ 80, ಗಂಡಸರಿಗೆ 90 ಮಿತಿ. ತೋಟದಲ್ಲಿ ದುಡಿಯುವ ನಾನೂ ಮಿತಿ ದಾಟಿದ್ದೆ! ತೂಕ ನೋಡಿದರೆ ಇಬ್ಬರೂ ದಪ್ಪ ಎನ್ನುವ ಹಾಗಿಲ್ಲ. ಪುಣೆಯ ಡಾ. ಸಿ.ಎಸ್. ಯಾಜ್ಞಿಕ್ 2004ರಲ್ಲಿ ಇದನ್ನೇ ಎಲ್ಲರಿಗೂ ಅರ್ಥವಾಗುವಂತೆ ತೋರಿಸಿದ್ದರು. ಅವರದ್ದೂ ಲಂಡನ್ನಿನ ಗೆಳೆಯ ಜಾನ್ ಯೂಡ್ಕಿನ್ ಅವರದ್ದೂ ಬಿಎಂಐ ಒಂದೇ, 22.3. ದೇಹದ ಕೊಬ್ಬು ಮಾತ್ರ ಯೂಡ್ಕಿನ್‌ಗೆ ಶೇಕಡಾ 9.1, ಯಾಜ್ಞಿಕ್‌ಗೆ 21.2. ತೆಳ್ಳಗೆ ಕಂಡರೂ ಹೊಟ್ಟೆಯಲ್ಲಿ ಕೊಬ್ಬು ಇಟ್ಟುಕೊಳ್ಳುವ ಮೈ ನಮ್ಮದು.

ಆಮೇಲೆ ಗ್ಲುಕೋಮೀಟರ್. ಒಂದೇ ಮೀಟರ್, ಒಂದೇ ಡಬ್ಬಿಯ ಸ್ಟ್ರಿಪ್. ನಮ್ಮ ಕಡೆ ಮೇ ತಿಂಗಳಲ್ಲಿ ಕೈಗೆ ಮಾವು, ಹಲಸು ತಾಗದ ಹೊತ್ತೇ ಇಲ್ಲ. ಹಣ್ಣಿನ ರಸ ಬೆರಳಿನಲ್ಲಿ ಉಳಿದರೆ ಮೀಟರ್ ಸುಳ್ಳೇ ಜಾಸ್ತಿ ತೋರಿಸುತ್ತದೆ. ಸೋಪು ಹಾಕಿ ತೊಳೆದು, ಒರೆಸಿ, ಪೂರ್ತಿ ಒಣಗಿದ ಮೇಲೆಯೇ ಚುಚ್ಚಬೇಕು. ಸೂಜಿ ಒಬ್ಬರದ್ದು ಇನ್ನೊಬ್ಬರಿಗೆ ಬೇಡವೇ ಬೇಡ, ಅವಳಿಗಳಾದರೂ. ಇನ್ನೊಂದು, ಮನೆಯ ಮೀಟರುಗಳಿಗೆ ಶೇಕಡಾ 15ರಷ್ಟು ಆಚೀಚೆಗೆ ಅವಕಾಶ ಇದೆ. ಹಾಗಾಗಿ ನನ್ನದು 128, ಅವಳದು 136 ಎಂದು ಬಂದರೆ ಅದನ್ನು ವ್ಯತ್ಯಾಸ ಎಂದು ಎಣಿಸಲಿಲ್ಲ. ಮತ್ತೆ ಮತ್ತೆ ಒಂದೇ ಕಡೆಗೆ ವಾಲಿದರೆ ಮಾತ್ರ ಪುಸ್ತಕದಲ್ಲಿ ಗುರುತು ಹಾಕಿದೆವು.

ಊಟವನ್ನು ತಕ್ಕಡಿಯಲ್ಲಿ ತೂಗಿ ಬಡಿಸಿಕೊಂಡೆವು. ಬೆಳಿಗ್ಗೆ ನೀರು ದೋಸೆ, ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ಸಾರು, ಪಲ್ಯ. ಊಟಕ್ಕೆ ಮೊದಲು ಒಂದು ಸಲ, ಊಟ ಶುರು ಮಾಡಿ ಒಂದು ಗಂಟೆಗೆ, ಎರಡು ಗಂಟೆಗೆ ಒಂದೊಂದು ಸಲ. ನೀರು ದೋಸೆಗೆ ಇಬ್ಬರದ್ದೂ ಏರಿತು. ನನ್ನದು ಎರಡು ಗಂಟೆಗೆ ಇಳಿದಿತ್ತು, ಅಕ್ಕನದು ಮೇಲೆಯೇ ನಿಂತಿತ್ತು. ದೋಸೆ ಕಡಿಮೆ ಮಾಡಿ ಜೊತೆಗೆ ಹೆಸರುಕಾಳಿನ ಉಸಲಿ ಇಟ್ಟಾಗ ಇಬ್ಬರದ್ದೂ ಕೆಳಗೆ ಬಂತು.

ನನಗೆ ಎಲ್ಲಕ್ಕಿಂತ ಮುಖ್ಯ ಎನಿಸಿದ್ದು ನಡಿಗೆ. ಊಟವಾದ ಕೂಡಲೇ ತೋಟದ ಇಳಿಜಾರಿನಲ್ಲಿ ತೋಡಿನವರೆಗೆ ಹೋಗಿ ಹತ್ತಿ ಬಂದ ದಿನಗಳಲ್ಲಿ ನಮ್ಮಿಬ್ಬರ ಸಂಖ್ಯೆಗಳು ಹತ್ತಿರ ಹತ್ತಿರ ಬಂದವು. ಕೆಲಸ ಮಾಡುವ ಸ್ನಾಯು ಇನ್ಸುಲಿನ್ನಿನ ಸಹಾಯ ಹೆಚ್ಚು ಬೇಡದೆ ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ತೊಡೆಯ ಸ್ನಾಯುಗಳು ದೇಹದ ದೊಡ್ಡ ಸ್ನಾಯುಗಳಲ್ಲಿ ಸೇರಿವೆ, ಏರುಜಾಗದಲ್ಲಿ ಅವಕ್ಕೆ ಕೆಲಸ ಜಾಸ್ತಿ. ನಾನು ದಿನವೂ ಉದುರಿದ ಅಡಿಕೆ ಹಾಳೆ ಹೆಕ್ಕುತ್ತಾ, ಅಡಿಕೆ ಹೊರುತ್ತಾ ಗೊತ್ತಿಲ್ಲದೆಯೇ ಇದನ್ನು ಮಾಡುತ್ತಿದ್ದೆ. ಅಕ್ಕನಿಗೆ ಕುರ್ಚಿ, ಲಿಫ್ಟು, ಕ್ಯಾಬು. ಬೆಂಗಳೂರಿನಿಂದ ಬಂದ ಹೊಸದರಲ್ಲಿ ಅವಳ ಬೆಳಗಿನ ಖಾಲಿ ಹೊಟ್ಟೆಯ ಸಕ್ಕರೆ 110ರ ಮೇಲಿತ್ತು. ರಾತ್ರಿ ಹೊತ್ತಿಗೆ ಸರಿಯಾಗಿ ಮಲಗಲು ಶುರು ಮಾಡಿದ ಮೇಲೆ 100ರ ಹತ್ತಿರ ಬಂತು. ನಿದ್ದೆ ಕೆಟ್ಟರೆ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ ಎಂದು ಓದಿದ್ದೆ, ಇಲ್ಲಿ ಕಣ್ಣಾರೆ ಕಂಡೆ.

ಹಾಗೆಂದು ಎಲ್ಲವನ್ನೂ ಅಕ್ಕನ ಕೆಲಸದ ತಲೆಗೆ ಕಟ್ಟುವುದು ನ್ಯಾಯವಲ್ಲ. ಅಮ್ಮ ಜೋಪಾನ ಮಾಡಿದ್ದ ಆಸ್ಪತ್ರೆಯ ಚೀಟಿಯಲ್ಲಿ ಹುಟ್ಟಿದಾಗಿನ ತೂಕ ಇತ್ತು: ನಾನು 2.3 ಕಿಲೋ, ಅಕ್ಕ 1.8. ಗರ್ಭದಲ್ಲಿ ಇಬ್ಬರಿಗೂ ಒಂದೇ ಪಾಲು ಸಿಕ್ಕಿರಲಿಲ್ಲ. ಡೆನ್ಮಾರ್ಕಿನ ಏಕರೂಪದ ಅವಳಿಗಳ ಮೇಲಿನ 1997ರ ಅಧ್ಯಯನದಲ್ಲಿ, ಜೋಡಿಯಲ್ಲಿ ಒಬ್ಬರಿಗೆ ಮಾತ್ರ ಟೈಪ್ 2 ಡಯಾಬಿಟಿಸ್ ಬಂದಿದ್ದರೆ, ಸರಾಸರಿಯಲ್ಲಿ ಹುಟ್ಟುವಾಗ ಕಡಿಮೆ ತೂಕ ಇದ್ದವರು ಅವರೇ. ಜೊತೆಗೆ ಅಕ್ಕನಿಗೆ ಬಸುರಿಯಾಗಿದ್ದಾಗಲೂ ಸಕ್ಕರೆ ಏರಿತ್ತು, ನನಗೆ ಏರಿರಲಿಲ್ಲ. ಹಾಗೆ ಏರಿದವರಿಗೆ ಮುಂದೆ ಡಯಾಬಿಟಿಸ್ ಬರುವ ಅಪಾಯ ಬಹಳ ಹೆಚ್ಚು. ಆ ಹೆಂಗಸರು ಹೆರಿಗೆಯ ನಂತರವೂ ಪರೀಕ್ಷೆ ಬಿಡಬಾರದು. ನಮ್ಮ ಊರುಗಳಲ್ಲಿ ಮಗುವಿನ ಬಾಣಂತನ ಮುಗಿಯುತ್ತಲೇ ತಾಯಿಯ ರಿಪೋರ್ಟು ಮರೆತುಹೋಗುತ್ತದೆ, ಅದು ನನಗೆ ತುಂಬಾ ಬೇಸರದ ವಿಷಯ.

ನಮ್ಮಲ್ಲಿ ಒಂದೇ ಥರ ಇದ್ದದ್ದೂ ಇದೆ. ಒಳ್ಳೆಯ ಕೊಲೆಸ್ಟ್ರಾಲ್ ಎನ್ನುವ ಎಚ್‌ಡಿಎಲ್ ಇಬ್ಬರಿಗೂ 40ರ ಆಸುಪಾಸು, ಹೆಂಗಸರಿಗೆ 50 ಇರಬೇಕು. ರಕ್ತದಲ್ಲಿರುವ ಕೊಬ್ಬಾದ ಟ್ರೈಗ್ಲಿಸರೈಡ್ ಇಬ್ಬರಿಗೂ 150ರ ಮೇಲೆ. ಇಷ್ಟು ಬೇರೆ ಬೇರೆ ಬದುಕಿದರೂ ಇವು ಹೊಂದುತ್ತವೆ ಅಂದರೆ ಮನೆತನದ ಗುರುತು ಇಲ್ಲಿ ಗಟ್ಟಿ ಇದೆ ಎಂದು ನನ್ನ ಅಂದಾಜು. ಸೊಂಟ, ಎಚ್‌ಡಿಎಲ್, ಟ್ರೈಗ್ಲಿಸರೈಡ್, ರಕ್ತದೊತ್ತಡ, ಖಾಲಿ ಹೊಟ್ಟೆಯ ಸಕ್ಕರೆ, ಈ ಐದರಲ್ಲಿ ಮೂರು ಕೆಟ್ಟರೆ ಮೆಟಬಾಲಿಕ್ ಸಿಂಡ್ರೋಮ್, ಅಂದರೆ ಡಯಾಬಿಟಿಸ್ ಮತ್ತು ಹೃದಯದ ಕಾಯಿಲೆಯ ಅಪಾಯ ಹೆಚ್ಚಿಸುವ ಲಕ್ಷಣಗಳ ಗುಂಪು, ಎನ್ನುತ್ತಾರೆ. ಸಕ್ಕರೆ ಚೆನ್ನಾಗಿರುವ ನನಗೂ ಮೂರು ಆಗಿತ್ತು. ಹಾಗಾಗಿ ಡಾಕ್ಟರ ಹತ್ತಿರ ಇಬ್ಬರೂ ಹೋದೆವು. ಎಲೆ ಅಡಿಕೆ ಇಬ್ಬರೂ ತಿನ್ನುವುದಿಲ್ಲ. ಅಡಿಕೆ ಜಗಿಯುವವರಲ್ಲಿ ಬೊಜ್ಜು, ಡಯಾಬಿಟಿಸ್ ಹೆಚ್ಚು ಎಂದು ತೈವಾನಿನ ಅಧ್ಯಯನಗಳು ಹೇಳಿವೆ. ಅಡಿಕೆ ಬೆಳೆದೇ ಬದುಕುವ ನಾನು ಇದನ್ನು ಮುಚ್ಚಿಡಬಾರದು.

ಅಕ್ಕನಿಗೆ ಕೆಲಸ ಬಿಟ್ಟು ತೋಟಕ್ಕೆ ಬರಲು ಆಗುವುದಿಲ್ಲ. ಊಟದ ನಂತರದ ನಡಿಗೆಯನ್ನು ಅವಳು ಆಫೀಸಿನ ಮೆಟ್ಟಿಲಿನಲ್ಲಿ ಮಾಡುತ್ತಾಳೆ. ಪಾಳಿಯ ಮಧ್ಯರಾತ್ರಿಯ ಅನ್ನ ಬಿಟ್ಟು, ಊಟವನ್ನು ಸಂಜೆಗೆ ತಂದಳು. ವಾರಕ್ಕೆರಡು ಸಲ ಭಾರ ಎತ್ತುತ್ತಾಳೆ. ಮದ್ದು ಬೇಕೋ ಬೇಡವೋ ಎಂಬುದನ್ನು ಡಾಕ್ಟರಿಗೇ ಬಿಟ್ಟಿದ್ದಾಳೆ. ಚೆನ್ನೈಯಲ್ಲಿ ಡಾ. ಎ. ರಾಮಚಂದ್ರನ್ ತಂಡದ ಅಧ್ಯಯನ 2006ರಲ್ಲಿ ಬಂತು. ಹೊಸ್ತಿಲಲ್ಲಿದ್ದ ಭಾರತೀಯರಲ್ಲಿ ಊಟ, ನಡಿಗೆಯ ಬದಲಾವಣೆಯಿಂದಲೇ ಡಯಾಬಿಟಿಸ್ ಬರುವುದು ಶೇಕಡಾ 28.5 ಕಡಿಮೆಯಾಗಿತ್ತು. ಅಕ್ಕನ ಎಚ್‌ಬಿಎ1ಸಿ ಈಗ 5.9. ನಾನು ಸಂಜೆಯ ಚಹಾದ ಬೆಲ್ಲ, ಕರಿದ ಹಪ್ಪಳ ಕಡಿಮೆ ಮಾಡಿದ್ದೇನೆ, ಟ್ರೈಗ್ಲಿಸರೈಡ್ 140ಕ್ಕೆ ಇಳಿದಿದೆ. ಎಚ್‌ಡಿಎಲ್ ಇನ್ನೂ ಕದಲಿಲ್ಲ.

ಇನ್ನು ಮಕ್ಕಳು. ಏಕರೂಪದ ಅವಳಿಗಳ ಮಕ್ಕಳು ಸಂಬಂಧದಲ್ಲಿ ದೊಡ್ಡಮ್ಮ, ಚಿಕ್ಕಮ್ಮನ ಮಕ್ಕಳು. ಜೀನಿನ ಲೆಕ್ಕದಲ್ಲಿ ಮಾತ್ರ ಒಬ್ಬಳೇ ತಾಯಿಗೆ ಬೇರೆ ಬೇರೆ ತಂದೆಯರಿಂದ ಹುಟ್ಟಿದವರಷ್ಟು ಹತ್ತಿರ. ಅಕ್ಕನ ಮಗನಿಗೂ ನನ್ನ ಮಗಳಿಗೂ ಈಗ ಇಪ್ಪತ್ತರ ಹತ್ತಿರ ವಯಸ್ಸು. ಈ ಮೇ ತಿಂಗಳಲ್ಲಿ ಅವರ ಸೊಂಟವನ್ನೂ ಅಳೆದು, ಅದೇ ಪುಸ್ತಕದಲ್ಲಿ ಬರೆದಿದ್ದೇವೆ.