ಕುರಿ ಉಣ್ಣೆ ಕತ್ತರಿಸುವುದು: ಮೊದಲು ಎಡಗೈ, ಆಮೇಲೆ ಕತ್ತರಿ

ಚಳ್ಳಕೆರೆ ಕಡೆಯ ಹಟ್ಟಿಯೊಂದರಲ್ಲಿ ಮೊದಲ ಸಲ ಕತ್ತರಿ ಹಿಡಿದ ದಿನ ಕುರಿಯ ತೊಡೆಸಂದಿಯ ತೊಗಲನ್ನು ಎರಡು ಬೆರಳಗಲ ಸೀಳಿಬಿಟ್ಟಿದ್ದೆ. ಪಕ್ಕದಲ್ಲಿ ಕೂತಿದ್ದ ಅಜ್ಜ ಬೈಯಲಿಲ್ಲ. ‘ಬಲಗೈಯಾಗೆ ಕತ್ತರಿ ಐತೆ, ಸರಿ. ಎಡಗೈ ಎಲ್ಲೈತಪ್ಪ?’ ಅಂದರು. ನನ್ನ ಎಡಗೈ ಉಣ್ಣೆಯನ್ನು ಹಿಡಿದು ಮೇಲಕ್ಕೆ ಜಗ್ಗುತ್ತಿತ್ತು. ಉಣ್ಣೆ ಜಗ್ಗಿದರೆ ತೊಗಲೂ ಅದರ ಜೊತೆಗೆ ಎದ್ದು ನೇರ ಅಲಗಿನ ಬಾಯಿಗೆ ಬರುತ್ತದೆ. ಎಡಗೈ ಮಾಡಬೇಕಾದ ಕೆಲಸ ಒಂದೇ: ತೊಗಲನ್ನು ಹಿಂದಕ್ಕೆ ಸವರಿ ಬಿಗಿಯಾಗಿ ಹಿಡಿಯುವುದು. ಇದು ಕೈಗೆ ಹತ್ತಿದರೆ ಮುಕ್ಕಾಲು ಪಾಲು ಕಲಿತಂತೆ.

ಈಗ ಉಣ್ಣೆಗೆ ಬೆಲೆಯೇ ಇಲ್ಲ, ಎಷ್ಟೋ ಸಲ ಕತ್ತರಿಸಿದ ಕೂಲಿಯೂ ಹುಟ್ಟುವುದಿಲ್ಲ, ಮತ್ತೆ ಯಾಕೆ ಕತ್ತರಿಸಬೇಕು ಎಂದು ಕೇಳುವವರಿದ್ದಾರೆ. ಕೆಂಗುರಿ ಸಾಕುವವರಿಗೆ ಈ ತಾಪತ್ರಯ ಇಲ್ಲ, ಅದರ ಮೈಮೇಲಿರುವುದು ಕೂದಲು. ಡೆಕ್ಕನಿ ಕುರಿ ಹಾಗಲ್ಲ. ಬೆಳೆದ ತುಪ್ಪಟದಲ್ಲಿ ಉತ್ತರಾಣಿ ಕಾಯಿ ಅಂಟುತ್ತದೆ, ಉಣ್ಣಿ ಮತ್ತು ಹೇನು ಸೇರುತ್ತವೆ, ಬಾಲದ ಬುಡದಲ್ಲಿ ಹಿಕ್ಕೆ ಕಟ್ಟಿಕೊಂಡು ನೊಣ ಮುತ್ತುತ್ತದೆ. ಮೈಗೆ ಹಾಕಿದ ಔಷಧಿಯೂ ತೊಗಲು ಮುಟ್ಟುವುದಿಲ್ಲ. ಹಾಗಾಗಿ ವರ್ಷಕ್ಕೆ ಎರಡು ಸಲ ಕತ್ತರಿಸುವುದು ರೂಢಿ.

ಹಿಂದಿನ ಎರಡು ದಿನ

ಕೆಲಸ ಶುರುವಾಗುವುದು ನೀರಿನಿಂದ. ಎರಡು ದಿನ ಮೊದಲೇ ಹಿಂಡನ್ನು ಕೆರೆಗೋ ಹಳ್ಳಕ್ಕೋ ಇಳಿಸಿ, ಕೈಯಿಂದ ತಿಕ್ಕಿ ತೊಳೆಯಿರಿ. ಬಯಲುಸೀಮೆಯ ಉಣ್ಣೆಯಲ್ಲಿ ಮರಳು ತುಂಬಿರುತ್ತದೆ, ಅದರಷ್ಟು ಬೇಗ ಅಲಗನ್ನು ಮೊಂಡು ಮಾಡುವುದು ಬೇರೆ ಯಾವುದೂ ಇಲ್ಲ. ತೊಳೆದ ಮೇಲೆ ಬುಡದವರೆಗೂ ಒಣಗಬೇಕು. ಬೆರಳು ತೂರಿಸಿ ನೋಡಿ, ಒಳಗೆ ತಣ್ಣಗಿದ್ದರೆ ಇನ್ನೊಂದು ದಿನ ಕಾಯಿರಿ.

ಹಿಂದಿನ ರಾತ್ರಿ ಮೇವು ಬೇಡ. ತುಂಬಿದ ಹೊಟ್ಟೆಯ ಕುರಿಯನ್ನು ಮಗ್ಗುಲಿಗೆ ಕೆಡವಿದರೆ ಏದುಸಿರು ಬಿಡುತ್ತದೆ, ಒದ್ದಾಡುತ್ತದೆ. ಗಬ್ಬವಾಗಿ ದಿನ ತುಂಬುತ್ತಿರುವ ಕುರಿಗಳನ್ನು ಬೇರೆ ಮಾಡಿ, ಅವಕ್ಕೆ ಈಯ್ದ ಮೇಲೆ ಕತ್ತರಿಸಿದರಾಯಿತು. ಮೋಡ ಕವಿದ, ಶೀತಗಾಳಿ ಬೀಸುವ ದಿನ ಕತ್ತರಿ ಮುಟ್ಟಲೇಬೇಡಿ. ಬೋಳಾದ ಕುರಿ ಆ ರಾತ್ರಿ ಮಳೆಗೆ ಸಿಕ್ಕರೆ ಬೆಳಗ್ಗೆ ಏಳದೆಯೂ ಇರಬಹುದು.

ಕೆಡವುವುದು, ಕತ್ತರಿಸುವುದು

ನೆಲದ ಮೇಲೆ ಹಳೆಯ ಹತ್ತಿಬಟ್ಟೆ ಹಾಸಿ. ಪ್ಲಾಸ್ಟಿಕ್ ಚೀಲ ಹಾಸಿದರೆ ಅದರ ಎಳೆ ಉಣ್ಣೆಗೆ ಸೇರುತ್ತದೆ, ಮುಂದೆ ಕಂಬಳಿ ನೇಯುವವರು ಶಾಪ ಹಾಕುತ್ತಾರೆ. ಕುರಿಯನ್ನು ಉಣ್ಣೆ ಹಿಡಿದು ಎತ್ತಬಾರದು, ಒಳಗೆ ರಕ್ತ ಹೆಪ್ಪುಗಟ್ಟುತ್ತದೆ. ಒಂದು ಕೈ ಗದ್ದದ ಕೆಳಗೆ, ಇನ್ನೊಂದು ಹಿಂತೊಡೆಗೆ ಕೊಟ್ಟು ಮೆಲ್ಲಗೆ ಮಗ್ಗುಲಾಗಿಸಿ. ಕಾಲು ಕಟ್ಟಲು ಮೆತ್ತನೆಯ ಬಟ್ಟೆಯ ಪಟ್ಟಿ ಸಾಕು, ನೈಲಾನ್ ಹಗ್ಗ ಕೊಯ್ಯುತ್ತದೆ.

ಹೊಟ್ಟೆಯಿಂದ ಶುರು ಮಾಡಿ. ಅಲ್ಲಿಯ ಉಣ್ಣೆ ಕೊಳಕು, ಮೊದಲೇ ತೆಗೆದು ಬೇರೆ ಹಾಕಿದರೆ ಒಳ್ಳೆಯದು ಕೆಡುವುದಿಲ್ಲ. ಹೆಣ್ಣಾದರೆ ಕೆಚ್ಚಲ ತೊಟ್ಟು, ಟಗರಾದರೆ ಶಿಶ್ನದ ತುದಿ, ಇವನ್ನು ಎಡ ಅಂಗೈಯಿಂದ ಮುಚ್ಚಿಕೊಂಡೇ ಕತ್ತರಿ ಆಡಿಸಬೇಕು. ಕತ್ತರಿಸಿ ಹೋದ ತೊಟ್ಟು ಮತ್ತೆ ಬರುವುದಿಲ್ಲ, ಹುಟ್ಟುವ ಮರಿಗೆ ಅಷ್ಟು ಹಾಲು ಖೋತಾ. ಆಮೇಲೆ ಹಿಂತೊಡೆ, ಪಕ್ಕೆ, ಭುಜ, ಕುತ್ತಿಗೆ ಹೀಗೆ ಬೆನ್ನುಮೂಳೆಯವರೆಗೆ ಬಂದು, ಕುರಿಯನ್ನು ಇನ್ನೊಂದು ಮಗ್ಗುಲಿಗೆ ಹೊರಳಿಸಿ.

ಕತ್ತರಿಯ ಅಲಗು ಮೈಗೆ ಒರಗಿಕೊಂಡು ಮಲಗಿರಬೇಕು. ಮೂತಿ ಕೆಳಗಾದರೆ ಚುಚ್ಚುತ್ತದೆ. ಮೂತಿ ಮೇಲಾದರೆ ಉಣ್ಣೆಯ ಬುಡ ಉಳಿಯುತ್ತದೆ, ಆಗ ಹೊಸಬರೆಲ್ಲ ಮಾಡುವ ತಪ್ಪು ಅದೇ ಜಾಗಕ್ಕೆ ಮತ್ತೆ ಕತ್ತರಿ ಹಾಕುವುದು. ಹಾಗೆ ಬಂದ ತುಂಡು ಎಳೆ ನೂಲಿಗೆ ಬಾರದು. ಉಳಿದಿದ್ದರೆ ಉಳಿಯಲಿ, ಕುರಿಗೇನೂ ನಾಚಿಕೆಯಿಲ್ಲ. ಮೊಣಕೈ ಸಂದಿ, ತೊಡೆಯ ಮಡಿಕೆ, ಕುತ್ತಿಗೆಯ ನೆರಿಗೆಗಳಲ್ಲಿ ಮಾತ್ರ ನಿಧಾನ. ಕಾಲನ್ನು ಸ್ವಲ್ಪ ಎಳೆದು ಹಿಡಿದರೆ ಮಡಿಕೆ ತಾನಾಗಿ ಬಿಡಿಸಿಕೊಳ್ಳುತ್ತದೆ. ಹಿಂಗಾಲಿನ ಹಿಮ್ಮಡಿಯ ನರ ತುಂಡಾದರೆ ಆ ಕುರಿ ಹಿಂಡಿನ ಜೊತೆ ನಡೆಯಲಾರದು.

ಆಸ್ಟ್ರೇಲಿಯಾದ ಜ್ಯಾಕಿ ಹೋವ್ ಎಂಬಾತ 1892ರಲ್ಲಿ ಒಂದೇ ದಿನ, ಎಂಟು ಗಂಟೆಯೂ ತುಂಬುವ ಮೊದಲೇ, ಬರೀ ಕೈಕತ್ತರಿಯಿಂದ 321 ಕುರಿಗಳ ಉಣ್ಣೆ ತೆಗೆದಿದ್ದ. ಕಲಿಯುವವರು ದಿನಕ್ಕೆ ನಾಲ್ಕು ಮಾಡಿ, ಸೊಂಟ ಹಿಡಿದುಕೊಂಡು ಎದ್ದರೆ ಸಾಕು.

ಗಾಯವಾದರೆ ಸುಮ್ಮನೆ ಬಿಡಬೇಡಿ. ಪೊವಿಡೋನ್ ಅಯೋಡಿನ್ ಹಚ್ಚಿ, ಸುತ್ತ ಬೇವಿನ ಎಣ್ಣೆ ಸವರಿ. ಎರಡು ಮೂರು ದಿನ ನೊಣ ಕೂತಿದೆಯೇ, ಹುಳ ಬಿದ್ದಿದೆಯೇ ಎಂದು ನೋಡುತ್ತಿರಿ. ಆಳವಾಗಿದ್ದರೆ ಪಶುವೈದ್ಯರಿಂದ ಹೊಲಿಗೆಯ ಜೊತೆಗೆ ಧನುರ್ವಾಯುವಿನ ಚುಚ್ಚುಮದ್ದೂ ಆಗಲಿ. ಮೈಮೇಲೆ ಕೀವಿನ ಗಂಟು ಇರುವ ಕುರಿಯನ್ನು ಕಟ್ಟಕಡೆಗೆ ಇಟ್ಟುಕೊಳ್ಳಿ. ಆ ಗಂಟು ಒಡೆದರೆ ಕತ್ತರಿಯೇ ರೋಗವನ್ನು ಇಡೀ ಹಿಂಡಿಗೆ ಹಂಚುತ್ತದೆ.

ಕತ್ತರಿಯ ಆರೈಕೆ

ಕುರಿ ಉಣ್ಣೆಯಲ್ಲಿ ಜಿಡ್ಡಿದೆ. ಅದು ಮಣ್ಣಿನ ಜೊತೆ ಸೇರಿ ಅಲಗಿನ ಮೇಲೆ ಮೇಣದ ಹಾಗೆ ಕೂರುತ್ತದೆ. ನಾಲ್ಕೈದು ಕುರಿಗೊಮ್ಮೆ ಬಟ್ಟೆಯಿಂದ ಒರೆಸಿ, ಸಂಜೆ ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಉಜ್ಜಿ ತೆಗೆಯಿರಿ. ಸಾಣೆ ಹಿಡಿಯುವಾಗ ಅಲಗಿನ ಹೊರಮೈಯ ಇಳಿಜಾರನ್ನು ಮಾತ್ರ, ಅದು ಮೊದಲಿದ್ದ ಓರೆಯಲ್ಲೇ, ಕಲ್ಲಿಗೆ ಕೊಡಬೇಕು. ಒಳಮೈ ಚಪ್ಪಟೆಯಾಗಿದ್ದರೇ ಎರಡು ಅಲಗೂ ಒಂದಕ್ಕೊಂದು ಕೂಡುವುದು. ಅದನ್ನು ತೇಯ್ದವರ ಕತ್ತರಿ ಉಣ್ಣೆಯನ್ನು ಕತ್ತರಿಸುವುದಿಲ್ಲ, ಅಗಿಯುತ್ತದೆ. ಹರಿತ ನೋಡಲು ಒಂದು ಚಿಟಿಕೆ ಉಣ್ಣೆ ಸಾಕು, ಅಲಗಿನ ನಡುವೆ ಮಡಚಿಕೊಂಡರೆ ಮತ್ತೆ ಕಲ್ಲಿಗೆ ಹೋಗಿ.

ವಿದ್ಯುತ್ ಯಂತ್ರ ಕೊಂಡವರಿಗೆ ಬೇರೆ ಕಥೆ. ಅದರಲ್ಲಿ ಕೆಳಗೊಂದು ಬಾಚಣಿಗೆ, ಮೇಲೊಂದು ಆಡುವ ಅಲಗು. ಬಿಗಿಯುವ ತಿರುಪು ಹೆಚ್ಚಾದರೆ ಕಾಯುತ್ತದೆ, ಸಡಿಲಾದರೆ ಎರಡರ ನಡುವೆ ಉಣ್ಣೆ ಸಿಕ್ಕಿಕೊಳ್ಳುತ್ತದೆ. ಕತ್ತರಿಸುವಷ್ಟು ಮಾತ್ರ ಬಿಗಿ ಮಾಡಿ. ಎರಡು ಮೂರು ಕುರಿಗೊಮ್ಮೆ ಎಣ್ಣೆ ಬಿಡಿ, ಬಾಚಣಿಗೆಯನ್ನು ನಿಮ್ಮ ಮುಂಗೈಗೆ ತಾಗಿಸಿ ನೋಡಿ. ನಿಮಗೆ ಚುರುಕ್ ಎಂದರೆ ಕುರಿಗೂ ಚುರುಕ್. ಪ್ಲಗ್ ಕಿತ್ತ ಮೇಲೆಯೇ ಬ್ರಷ್‌ನಿಂದ ಉಜ್ಜಿ, ಯಂತ್ರದ ಮೈಯನ್ನು ನೀರಿಗೆ ಅದ್ದಬೇಡಿ. ಒದ್ದೆ ನೆಲದಲ್ಲಿ ನಿಂತು ನಡೆಸುವುದಂತೂ ಬೇಡವೇ ಬೇಡ.

ಒಂದು ಹಿಂಡಿನಿಂದ ಇನ್ನೊಂದಕ್ಕೆ ಹೋಗುವಾಗ ಕೈಕತ್ತರಿಯನ್ನಾಗಲಿ, ಯಂತ್ರದಿಂದ ಬಿಚ್ಚಿದ ಬಾಚಣಿಗೆ, ಅಲಗನ್ನಾಗಲಿ ಕ್ರಿಮಿನಾಶಕ ದ್ರಾವಣದಲ್ಲಿ ನೆನೆಸಿ, ಒಣಗಿಸಿ, ಎಣ್ಣೆ ಹಚ್ಚಿ. ಹೊಲಿಗೆ ಯಂತ್ರದ ಎಣ್ಣೆಯೇ ಸರಿ. ಅಡುಗೆಮನೆಯ ಶೇಂಗಾ ಎಣ್ಣೆ ನಾಲ್ಕು ದಿನಕ್ಕೆ ಅಂಟಾಗುತ್ತದೆ. ಕತ್ತರಿಯ ಬಾಯಿ ಕಟ್ಟಿ, ಎಣ್ಣೆಬಟ್ಟೆಯಲ್ಲಿ ಸುತ್ತಿ, ತೊಲೆಗೆ ಸಿಕ್ಕಿಸಿಡಿ. ನಾನು ಒಂದು ಮಳೆಗಾಲ ಯೂರಿಯಾ ಚೀಲದ ಪಕ್ಕದಲ್ಲಿಟ್ಟು ಮರೆತೆ. ತೆಗೆದು ನೋಡಿದಾಗ ಅಲಗಿನ ತುಂಬ ತುಕ್ಕು ತಿಂದ ಗುಳಿಗಳು. ಸಾಣೆಗೆ ಒಯ್ದರೆ, ಆತ ತಿರುಗಿಸಿ ಮುರುಗಿಸಿ ನೋಡಿ, ಗುಜರಿಗೆ ಹಾಕಿ ಸ್ವಾಮಿ ಎಂದು ವಾಪಸ್ ಕೊಟ್ಟ.