ಆರು ತಿಮ್ಮಪ್ಪಂದಿರ ಲೆಕ್ಕ

ರೈತರಿಗೆ ಸಾಲ ಕೊಡುವ ನಮ್ಮ ಸಹಕಾರ ಸಂಘದ ಸಾಲದ ಲೆಡ್ಜರಿನಲ್ಲಿ ತಿಮ್ಮಪ್ಪ ಎಂಬ ಹೆಸರಿನವರು ಆರು ಮಂದಿ ಇದ್ದಾರೆ. ಅವರಲ್ಲಿ ಇಬ್ಬರ ತಂದೆಯ ಹೆಸರೂ ಒಂದೇ. ಕೈಬರಹದ ಕಾಲದಲ್ಲಿ ಇದು ಯಾರಿಗೂ ತೊಡಕೆನಿಸಿರಲಿಲ್ಲ. ಪುಟದ ಮೇಲ್ತುದಿಯಲ್ಲಿ ಹೆಸರಿನ ಪಕ್ಕ ‘ಮೇಲಿನಮನೆ’, ‘ಹೊಳೆಬದಿ’, ‘ಸಂಕದಾಚೆ’, ‘ಗುಡ್ಡೆಕೊಪ್ಪ’ ಎಂದು ಪೆನ್ಸಿಲಿನಲ್ಲಿ ಗೀಚಿಟ್ಟರೆ ಸಾಕಿತ್ತು. ಅದೂ ಇಲ್ಲದಿದ್ದರೆ, ಬಾಗಿಲಲ್ಲಿ ಕೊಡೆ ಮಡಿಸುವ ರೀತಿಯಿಂದಲೇ ಬಂದವರು ಯಾವ ತಿಮ್ಮಪ್ಪ ಎಂದು ನನಗೆ ತಿಳಿಯುತ್ತಿತ್ತು. ನಾನು 1994ರಲ್ಲಿ ಗುಮಾಸ್ತನಾಗಿ ಸೇರಿದವನು. ಈಗ ನನ್ನ ಹುದ್ದೆಯ ಹೆಸರು ಮುಖ್ಯ ಕಾರ್ಯನಿರ್ವಹಣಾಧಿಕಾರಿ ಎಂದಾಗಿದ್ದರೂ ಊರಿನವರ ಬಾಯಲ್ಲಿ ಸೆಕ್ರೆಟರಿಯೇ.

ಗದಗ ಸಮೀಪದ ಕಣಗಿನಹಾಳದಲ್ಲಿ 1905ರಲ್ಲಿ ನಾಡಿನ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಆರಂಭವಾದಾಗ ಲೆಕ್ಕ ಹೇಗೆ ಬರೆಯುತ್ತಿದ್ದರೋ, ತೀರ್ಥಹಳ್ಳಿ ತಾಲ್ಲೂಕಿನ ಒಳಗಿರುವ ನಮ್ಮ ಸಂಘದಲ್ಲಿ ಮೊನ್ನೆಮೊನ್ನೆಯವರೆಗೂ ಹೆಚ್ಚುಕಡಿಮೆ ಹಾಗೆಯೇ ಬರೆಯುತ್ತಿದ್ದೆವು. ಬೆಳಿಗ್ಗೆ ಆರಂಭ ಶಿಲ್ಕು, ಅಂದರೆ ಕೈಯಲ್ಲಿ ಉಳಿದ ಹಣ, ದಿನವಿಡೀ ಜಮಾ–ಖರ್ಚು, ಸಂಜೆ ಅಖೈರು ಶಿಲ್ಕು, ಅದಕ್ಕೆ ಸರಿಯಾಗಿ ತಿಜೋರಿಯಲ್ಲಿ ನಗದು. 2022ರ ಜೂನ್‌ನಲ್ಲಿ ಕೇಂದ್ರ ಸಚಿವ ಸಂಪುಟವು ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಒಂದೇ ತಂತ್ರಾಂಶದ ಅಡಿಯಲ್ಲಿ ತರುವ 2,516 ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆ ಕೊಟ್ಟಿತೆಂದು ಪತ್ರಿಕೆಯಲ್ಲಿ ಓದಿದಾಗ, ನನ್ನ ನಿವೃತ್ತಿಯ ಮೊದಲು ಅದು ನಮ್ಮ ಗುಡ್ಡ ಹತ್ತಲಾರದು ಎಂದೇ ಅಂದುಕೊಂಡಿದ್ದೆ. 2024ರ ಮಳೆಗಾಲ ಮುಗಿಯುವ ಹೊತ್ತಿಗೆ ಅದು ಹತ್ತಿ ಬಂತು.

ತರಬೇತಿ ಕೊಡಲು ಬಂದ ಹುಡುಗ ಒಳ್ಳೆಯವನೇ, ಆದರೆ ಎರಡು ದಿನದಲ್ಲಿ ಎಲ್ಲವನ್ನೂ ಮುಗಿಸಿ ಹೋಗುವ ಅವಸರ ಅವನಿಗಿತ್ತು. ಸದಸ್ಯರ ವಿವರ ತುಂಬುವ ಪರದೆಯಲ್ಲಿ ಹೆಸರು, ತಂದೆಯ ಹೆಸರು, ಗ್ರಾಮ, ಸರ್ವೆ ನಂಬರು, ಆಧಾರ್, ಮೊಬೈಲು, ಎಲ್ಲಕ್ಕೂ ಒಂದೊಂದು ಖಾನೆ ಇತ್ತು. ಮನೆಯ ಹೆಸರಿಗೆ ಖಾನೆ ಇರಲಿಲ್ಲ. ಕೇಳಿದೆ. ‘ಅದು ಯಾಕೆ ಸಾರ್, ಆಧಾರ್ ಇದೆಯಲ್ಲ, ಸದಸ್ಯತ್ವ ಸಂಖ್ಯೆ ಇದೆಯಲ್ಲ’ ಎಂದ. ಅವನ ಮಾತು ಸರಿಯೇ ಇತ್ತು. ಆದರೆ ಕೌಂಟರಿನ ಮುಂದೆ ನಿಂತು ತನ್ನ ಸದಸ್ಯತ್ವ ಸಂಖ್ಯೆ ಹೇಳಿದ ಒಬ್ಬ ರೈತನನ್ನೂ ನಾನು ಮೂವತ್ತು ವರ್ಷದಲ್ಲಿ ಕಂಡಿಲ್ಲ. ‘ನಂದು ಎಷ್ಟುಂಟು ನೋಡಿ’ ಎನ್ನುತ್ತಾರೆ, ಅಷ್ಟೆ.

ಆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ. ಕಂಪ್ಯೂಟರಿನ ಭಯ ಇತ್ತು, ಇಲ್ಲವೆನ್ನುವುದಿಲ್ಲ. ಅದಕ್ಕಿಂತ ಹೆಚ್ಚಾಗಿ ಕಾಡಿದ್ದು, ಸಂಘದ ಲೆಕ್ಕ ಲೆಡ್ಜರಿನಲ್ಲಿದೆ ಎಂದು ಇಷ್ಟು ವರ್ಷ ನಂಬಿದ್ದೆನಲ್ಲ, ಅದರಲ್ಲಿ ಕಾಲುಭಾಗವಾದರೂ ಇರುವುದು ನನ್ನ ತಲೆಯಲ್ಲಿ ಎಂಬ ಅರಿವು. ತಂತ್ರಾಂಶಕ್ಕೆ ಹೋಗುವುದು ಪುಟದಲ್ಲಿ ಬರೆದದ್ದು ಮಾತ್ರ. ಪುಟದ ಅಂಚಿನಲ್ಲಿ ಇರುವುದು ಹೋಗುವುದಿಲ್ಲ. ಅಂಚಿನಲ್ಲಿ ಏನೇನಿತ್ತು ಎಂದರೆ, ಮೂಲೆ ಮಡಿಸಿದ ಹಾಳೆ ಎಂದರೆ ಸಾಲಗಾರ ತೀರಿಕೊಂಡಿದ್ದು, ವಾರಸುದಾರರ ಕಾಗದ ಇನ್ನೂ ಬಂದಿಲ್ಲ ಎಂದರ್ಥ. ಹೆಸರಿನ ಕೆಳಗೆ ಎರಡು ಗೆರೆ ಎಂದರೆ ಜಾಮೀನುದಾರನಿಗೂ ಸಾಲಗಾರನಿಗೂ ಈಗ ಮಾತುಕತೆ ಇಲ್ಲ. ‘ಅ’ ಎಂಬ ಪುಟ್ಟ ಅಕ್ಷರ ಇದ್ದರೆ ಅಡಿಕೆಯ ಹಣ ಬಂದ ಮೇಲೆ ಕಟ್ಟುವವರು, ‘ಭ’ ಇದ್ದರೆ ಭತ್ತದವರು. ಈ ಗುರುತುಗಳಲ್ಲಿ ಕೆಲವು ನನಗಿಂತ ಹಿಂದಿನ ಸೆಕ್ರೆಟರಿಯವರು ಹಾಕಿದ್ದು. ಅವರು ನನಗೆ ಬಾಯಿಮಾತಿನಲ್ಲಿ ಹೇಳಿಕೊಟ್ಟಿದ್ದರು. ನಾನು ಯಾರಿಗೂ ಹೇಳಿಕೊಟ್ಟಿರಲಿಲ್ಲ.

ಆದ್ದರಿಂದ ದತ್ತಾಂಶ ತುಂಬುವ ಕೆಲಸಕ್ಕೆ ಕೈಹಾಕುವ ಮುನ್ನ ಇನ್ನೂರು ಪುಟದ ಒಂದು ನೋಟುಪುಸ್ತಕ ತಂದು, ದಿನಕ್ಕೆ ಮೂವತ್ತು ಖಾತೆಗಳಂತೆ, ಪ್ರತಿಯೊಬ್ಬ ಸದಸ್ಯರ ಬಗ್ಗೆ ಲೆಡ್ಜರಿನಲ್ಲಿ ಇಲ್ಲದ, ನನಗೆ ಮಾತ್ರ ಗೊತ್ತಿರುವ ಸಂಗತಿಯನ್ನು ಒಂದೆರಡು ಸಾಲಿನಲ್ಲಿ ಬರೆಯುತ್ತಾ ಹೋದೆ. ಆಡಳಿತ ಮಂಡಳಿಯ ಒಬ್ಬರು ಇದನ್ನು ನೋಡಿ, ಪುಸ್ತಕ ಬಿಡಿ ಎಂದು ಸರ್ಕಾರ ಹೇಳಿದರೆ ಇವರು ಹೊಸ ಪುಸ್ತಕ ಶುರುಮಾಡಿದ್ದಾರೆ ಎಂದು ನಕ್ಕರು. ನಗುವಂಥದ್ದೇ ಆಗಿತ್ತು. ಆದರೆ ಬರೆಯುತ್ತಾ ಹೋದಂತೆ ನನ್ನ ಎದೆಯ ಭಾರ ಇಳಿಯುತ್ತಿದ್ದುದು ನಿಜ, ಮತ್ತು ಆ ಪುಸ್ತಕದ ಅರ್ಧದಷ್ಟು ವಿಷಯಕ್ಕೆ ತಂತ್ರಾಂಶದಲ್ಲೇ ಜಾಗ ಸಿಕ್ಕಿತು: ವಿಳಾಸದ ಎರಡನೆಯ ಸಾಲು ಎಂಬ, ಯಾರೂ ಬಳಸದ ಖಾನೆಯೊಂದಿತ್ತು, ಅದರಲ್ಲಿ ಮನೆಯ ಹೆಸರು ಹಾಕಿದೆ. ಹುಡುಕುವಾಗ ‘ಹೊಳೆಬದಿ’ ಎಂದು ಒತ್ತಿದರೆ ಹೊಳೆಬದಿಯ ತಿಮ್ಮಪ್ಪನವರೇ ಬರುತ್ತಾರೆ. ಇದನ್ನು ಯಾರೂ ಕಲಿಸಿದ್ದಲ್ಲ.

ಹೆಸರಿನ ಗೊಂದಲ ನಮಗೆ ಹೊಸದೂ ಅಲ್ಲ. 2017ರ ಜೂನ್‌ನಲ್ಲಿ ಸಹಕಾರ ಸಂಘಗಳ ಬೆಳೆ ಸಾಲದಲ್ಲಿ 50,000 ರೂಪಾಯಿವರೆಗೆ ಮನ್ನಾ ಆದಾಗ, ಮರುವರ್ಷ ಮತ್ತೆ 1 ಲಕ್ಷದವರೆಗಿನ ಮನ್ನಾಕ್ಕೆ ಆಧಾರ್, ಪಡಿತರ ಚೀಟಿ ಕೇಳಿದಾಗ, ಪಹಣಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು, ನಮ್ಮ ಲೆಡ್ಜರಿನಲ್ಲಿ ಮತ್ತೊಂದು ಇರುವುದು ಬೆಳಕಿಗೆ ಬಂದಿತ್ತು. ಆಗ ಅದನ್ನು ತೇಪೆ ಹಾಕಿ ದಾಟಿಸಿದ್ದೆವು. ಈ ಸಲ ಒಬ್ಬೊಬ್ಬರನ್ನೇ ಕರೆಸಿ ಸರಿಪಡಿಸಬೇಕಾಯಿತು. ಅದರ ವಿವರ ಬೇಡ, ಬರೀ ಅಲೆದಾಟ.

ಇನ್ನು ನನ್ನ ಕೈಯ ಕತೆ. ಐವತ್ತು ದಾಟಿದ ಮೇಲೆ ಕೀಲಿಮಣೆ ಕಲಿಯುವುದು ಕಷ್ಟವೆಂದು ಎಲ್ಲರೂ ಹೇಳುತ್ತಾರೆ. ಕಷ್ಟಕ್ಕಿಂತ ಅದು ಅವಮಾನ ಎಂದು ನನಗನ್ನಿಸಿತು. ಪಕ್ಕದಲ್ಲಿ ಕೂರುವ ಇಪ್ಪತ್ತಾರರ ಹುಡುಗಿ, ನಾನೇ ಕೆಲಸಕ್ಕೆ ತೆಗೆದುಕೊಂಡವಳು, ಒಂದು ಪುಟ ಮುಗಿಸುವಷ್ಟರಲ್ಲಿ ನಾನು ಒಂದು ಹೆಸರಿನ ಒತ್ತಕ್ಷರ ಹುಡುಕುತ್ತಿದ್ದೆ. ‘ನುಡಿ’ ಎಂಬ ಕನ್ನಡ ಬರೆಯುವ ತಂತ್ರಾಂಶದ ಕೀಲಿಮಣೆಯಲ್ಲಿ ಒತ್ತು ಕೊಡಲು ನಡುವೆ ಎಫ್ ಕೀಲಿ ಒತ್ತಬೇಕು. ತಿಮ್ಮಪ್ಪ ಎಂದು ಬರೆಯಲು ಎರಡು ಸಲ. ಮೊದಲ ವಾರ ನನ್ನ ಪರದೆಯಲ್ಲಿ ‘ತಿಮಮಪಪ’ಗಳೇ ಸಾಲುಗಟ್ಟಿದ್ದವು. ಕೊನೆಗೆ ಒಂದು ಉಪಾಯ ಮಾಡಿದೆ: ಸಂಘದ ಕೆಲಸದಲ್ಲಿ ಕಲಿಯುವುದನ್ನು ಬಿಟ್ಟು, ಮನೆಯಲ್ಲಿ ಮಗನ ಹಳೆಯ ಲ್ಯಾಪ್‌ಟಾಪಿನಲ್ಲಿ, ಬೆಳಿಗ್ಗೆ ಐದೂವರೆಗೆ, ಯಾರೂ ಏಳುವ ಮೊದಲು, ನಮ್ಮೂರಿನ ಮನೆಗಳ ಹೆಸರುಗಳನ್ನು ಮಾತ್ರ ಬೆರಳಚ್ಚು ಮಾಡುತ್ತಾ ಕೂತೆ. ಗೊತ್ತಿರುವ ಹೆಸರಾದ್ದರಿಂದ ಕಣ್ಣು ಪರದೆಯ ಮೇಲೆ ನಿಲ್ಲುತ್ತಿತ್ತು, ಬೆರಳು ತಾನಾಗಿ ದಾರಿ ಹಿಡಿಯಿತು. ಐದು ವಾರ ಬೇಕಾಯಿತು. ಇಂದಿಗೂ ಆ ಹುಡುಗಿಯ ವೇಗ ನನಗಿಲ್ಲ.

ನಮ್ಮಜ್ಜ ಶಾನುಭೋಗರಾಗಿದ್ದವರು. ವಂಶಪಾರಂಪರ್ಯದ ಗ್ರಾಮಾಧಿಕಾರ 1961ರ ಕಾಯ್ದೆಯಿಂದ ರದ್ದಾದಾಗ ಅವರು ಲೆಕ್ಕದ ಪುಸ್ತಕಗಳನ್ನು ಒಪ್ಪಿಸಿ ಬಂದು ಮೂರು ದಿನ ಯಾರೊಂದಿಗೂ ಮಾತಾಡಲಿಲ್ಲವಂತೆ. ಅಟ್ಟದ ಮೇಲೆ ಅವರ ಕಾಲಕ್ಕಿಂತಲೂ ಹಿಂದಿನ ಒಂದು ಕಡತ ಇದೆ, ಹುಣಸೆಬೀಜದ ಅಂಟು, ಇದ್ದಿಲು ಬಳಿದು ಕಪ್ಪು ಮಾಡಿದ ಬಟ್ಟೆಯನ್ನು ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಲ್ಲಿ ಬರೆದದ್ದು. ನಮ್ಮ ಮನೆಯವರೇ ಒಂದು ಕಾಲಕ್ಕೆ ಆ ಕಡತ ಬಿಟ್ಟು ಕಾಗದ ಹಿಡಿದಿದ್ದರಲ್ಲ, ಆಗಲೂ ಯಾರೋ ಗೊಣಗಿರಬೇಕು ಎಂದು ಆ ದಿನಗಳಲ್ಲಿ ಹಲವು ಸಲ ಅನ್ನಿಸಿತು.

ಪೂರ್ತಿ ಬದಲಾಗುವ ಮುನ್ನ ಮೂರು ತಿಂಗಳು ಎರಡೂ ಕಡೆ ಲೆಕ್ಕ ಬರೆದೆವು. ಮಾರ್ಚ್ ತಿಂಗಳು ಸಾಲ ಮರುಪಾವತಿ, ನವೀಕರಣಗಳ ಸಂತೆ. ಆಗ ಇದು ಸಾಧ್ಯವೇ ಇಲ್ಲ. ಹಾಗಾಗಿ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಎಂದು ಹಟ ಹಿಡಿದು ಅನುಮತಿ ಪಡೆದೆ. ದಿನಕ್ಕೆ ಎರಡು ಗಂಟೆ ಹೆಚ್ಚು ಕೆಲಸ. ಪ್ರತಿ ಶನಿವಾರ ಸಂಜೆ ಲೆಡ್ಜರಿನ ಒಟ್ಟು, ಕಂಪ್ಯೂಟರಿನ ಒಟ್ಟು ಎರಡನ್ನೂ ಅಕ್ಕಪಕ್ಕ ಇಟ್ಟು ತಾಳೆ ನೋಡುತ್ತಿದ್ದೆವು. ಮೂರನೆಯ ಶನಿವಾರ 270 ರೂಪಾಯಿ ವ್ಯತ್ಯಾಸ ಬಂತು. ಹುಡುಗಿ ಮೊದಲಿನಿಂದ ಪ್ರತಿ ನಮೂದನ್ನೂ ನೋಡಲು ಹೊರಟಳು. ನಾನು ತಡೆದು, ಹಿಂದಿನ ಸೆಕ್ರೆಟರಿ ಹೇಳಿಕೊಟ್ಟಿದ್ದನ್ನು ಅವಳಿಗೆ ಹೇಳಿದೆ: ವ್ಯತ್ಯಾಸ 9ರಿಂದ ಭಾಗವಾದರೆ ಯಾವುದೋ ಮೊತ್ತದಲ್ಲಿ ಎರಡು ಅಂಕಿ ಅದಲುಬದಲಾಗಿದೆ ಎಂದು ಮೊದಲು ಅನುಮಾನಿಸಬೇಕು, ಸಮಸಂಖ್ಯೆಯಾದರೆ ಅದರ ಅರ್ಧದ ಮೊತ್ತವನ್ನು ಜಮಾದ ಬದಲು ಖರ್ಚಿಗೆ ಹಾಕಿರಬಹುದೇ ಎಂದೂ ನೋಡಬೇಕು. 270 ಎಂದರೆ 90ರ ಮೂರು ಪಟ್ಟು. ಅಂದರೆ ನೂರು ಮತ್ತು ಹತ್ತರ ಸ್ಥಾನದ, ಮೂರರ ಅಂತರವಿರುವ ಎರಡು ಅಂಕಿಗಳು. ಹತ್ತು ನಿಮಿಷದಲ್ಲಿ ಸಿಕ್ಕಿತು: 8,410 ಇರಬೇಕಾದಲ್ಲಿ 8,140. ಅವಳು ನನ್ನನ್ನು ನೋಡಿದ ನೋಟದಲ್ಲಿ, ಒತ್ತಕ್ಷರ ಹುಡುಕುತ್ತಿದ್ದ ನನ್ನ ಅವಮಾನ ಸ್ವಲ್ಪ ತೀರಿತು ಎಂದು ಒಪ್ಪಿಕೊಳ್ಳುತ್ತೇನೆ.

ಜನವರಿಯಲ್ಲಿ ಲೆಡ್ಜರ್ ಮುಚ್ಚಿದೆವು. ಆಮೇಲೆ ತಾಳೆ ತಪ್ಪಿದ್ದೇ ಇಲ್ಲ. ಇದೇ ಅಪಾಯವೆಂದು ತಿಳಿಯಲು ನನಗೆ ನಾಲ್ಕು ತಿಂಗಳು ಹಿಡಿಯಿತು. ತಂತ್ರಾಂಶದಲ್ಲಿ ಒಂದು ಕಡೆ ಜಮಾ ಹಾಕಿದರೆ ಇನ್ನೊಂದು ಕಡೆ ಖರ್ಚು ತಾನಾಗಿ ಬೀಳುತ್ತದೆ. ತಪ್ಪು ಮೊತ್ತವನ್ನು ತಪ್ಪು ಖಾತೆಗೆ ಹಾಕಿದರೂ ಕೊನೆಯಲ್ಲಿ ಎರಡೂ ಬದಿ ಸಮನಾಗಿ, ಹಸಿರು ಬಣ್ಣದಲ್ಲಿ ಸರಿ ಎಂದು ತೋರಿಸುತ್ತದೆ. ಕೈಬರಹದಲ್ಲಿ ತಾಳೆ ಬಾರದ ಸಂಜೆಗಳು ನಮ್ಮನ್ನು ಕಾಪಾಡುತ್ತಿದ್ದವು. ಆ ಮಾರ್ಚಿನಲ್ಲಿ ಹೊಳೆಬದಿಯ ತಿಮ್ಮಪ್ಪನವರು ಕಟ್ಟಿದ 18,000 ರೂಪಾಯಿಯನ್ನು ಗದ್ದಲದಲ್ಲಿ ನಾನೇ ಗುಡ್ಡೆಕೊಪ್ಪದ ತಿಮ್ಮಪ್ಪನವರ ಖಾತೆಗೆ ಹಾಕಿದ್ದೆ. ಮನೆಯ ಹೆಸರು ಹಾಕಿ ಹುಡುಕುವ ನನ್ನದೇ ಉಪಾಯವನ್ನು ಅವಸರದಲ್ಲಿ ಬಿಟ್ಟು, ಮೊದಲು ಕಂಡ ಹೆಸರನ್ನು ಒತ್ತಿದ್ದೆ. ತಾಳೆ ಬಂತು. ಬೆಳೆ ಸಾಲಕ್ಕೆ ಈಗ 5 ಲಕ್ಷದವರೆಗೆ ಶೂನ್ಯ ಬಡ್ಡಿ ಇದೆಯಾದರೂ ಅದು ಗಡುವಿನೊಳಗೆ ಕಟ್ಟಿದವರಿಗೆ ಮಾತ್ರ. ಕಟ್ಟಿದ ಮನುಷ್ಯ ಸುಸ್ತಿದಾರರ ಪಟ್ಟಿಗೆ ಸೇರಿ, ಅವರ ಖಾತೆಗೆ ಬಡ್ಡಿ ಏರಿತು. ಮೇ ತಿಂಗಳಲ್ಲಿ ಅವರು ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿಟ್ಟ ರಶೀದಿ ಹಿಡಿದು ಬಂದು ನನ್ನ ಮೇಜಿನ ಮೇಲಿಟ್ಟರು, ಒಂದು ಮಾತೂ ಆಡದೆ. ಬೈದಿದ್ದರೆ ಸುಲಭವಿತ್ತು. ಪುಸ್ತಕದಲ್ಲಾಗಿದ್ದರೆ ಒಂದು ತಿದ್ದುಪಡಿ ನಮೂದು ಹಾಕಿ, ಸಹಿ ಮಾಡಿ ಅಲ್ಲೇ ಮುಗಿಸುತ್ತಿದ್ದೆ. ಈಗ ಮೇಲಿನ ಕಚೇರಿಗೆ ಬರೆದು, ಅನುಮತಿ ಪಡೆದು ಸರಿಪಡಿಸಲು ಹನ್ನೊಂದು ದಿನ ಬೇಕಾಯಿತು.

ಅಂದಿನಿಂದ ಒಂದು ಪದ್ಧತಿ ಇಟ್ಟುಕೊಂಡಿದ್ದೇನೆ. ಹಣ ಕಟ್ಟಿದವರನ್ನು ರಶೀದಿ ಕೈಗೆ ಕೊಟ್ಟು ಕಳಿಸುವ ಮುನ್ನ, ಪರದೆ ನೋಡಿ ಮನೆಯ ಹೆಸರು, ಹಿಂದಿನ ಬಾಕಿ, ಈಗಿನ ಬಾಕಿ ಮೂರನ್ನೂ ಜೋರಾಗಿ ಓದಿ ಹೇಳುತ್ತೇನೆ. ಸಾಲದ ಬಾಕಿಯನ್ನು ನಾಲ್ಕು ಜನರ ಎದುರು ಕೂಗಿ ಹೇಳಬೇಡಿ ಎಂದು ಕೆಲವರು ಸಂಕೋಚಪಟ್ಟಿದ್ದರಿಂದ, ಅಂಥವರಿಗೆ ಪರದೆಯನ್ನೇ ತಿರುಗಿಸಿ ತೋರಿಸುತ್ತೇನೆ. ರೈತನಿಗೆ ತನ್ನ ಬಾಕಿ ರೂಪಾಯಿ ಲೆಕ್ಕದಲ್ಲಿ ನೆನಪಿರುತ್ತದೆ. ಅದಕ್ಕಿಂತ ಒಳ್ಳೆಯ ತಾಳೆಪಟ್ಟಿ ನನಗೆ ಸಿಕ್ಕಿಲ್ಲ.

ಗಡುವಿನ ಸಂದೇಶವನ್ನು ತಂತ್ರಾಂಶ ಎಲ್ಲರಿಗೂ ಒಂದೇ ದಿನ ಮೊಬೈಲಿಗೆ ಕಳಿಸುತ್ತದೆ. ಅಡಿಕೆ ಬೆಳೆಗಾರನಿಗೆ ಕೊಯ್ಲು, ಸುಲಿತ, ಬೇಯಿಸುವುದು, ಒಣಗಿಸುವುದು ಮುಗಿದು ಮಂಡಿಯಲ್ಲಿ ದರ ನೋಡಿ ಮಾರಿದ ಮೇಲಷ್ಟೇ ಕೈಯಲ್ಲಿ ಹಣ. ಕೊಳೆರೋಗ ಹೆಚ್ಚಾದ ವರ್ಷ ಅದೂ ಅರ್ಧ. ಭತ್ತದವರ ಲೆಕ್ಕ ಬೇರೆ. ಸಂದೇಶ ತಪ್ಪೆಂದು ಹೇಳುವುದಿಲ್ಲ. ಆದರೆ ನನ್ನ ನೋಟುಪುಸ್ತಕದ ‘ಅ’, ‘ಭ’ ನೋಡಿ, ಹಣ ಬರುವ ವಾರಕ್ಕೆ ಸರಿಯಾಗಿ ಒಂದು ಫೋನು ಮಾಡುವುದನ್ನು ನಾನು ಬಿಟ್ಟಿಲ್ಲ. ಸಂದೇಶಕ್ಕೆ ಬಾರದ ಹಣ ಫೋನಿಗೆ ಬರುತ್ತದೆ.

ಮಳೆಗಾಲದ್ದು ಇನ್ನೂ ಪೂರ್ತಿ ಬಗೆಹರಿದಿಲ್ಲ. ಆಗುಂಬೆಯ ಕಡೆಯಿಂದ ಗಾಳಿ ಎದ್ದು ಒಂದು ಮರ ತಂತಿಯ ಮೇಲೆ ಬಿದ್ದರೆ ನಮಗೆ ಎರಡು ದಿನ ಕರೆಂಟಿಲ್ಲ. ಬ್ಯಾಟರಿ ನಾಲ್ಕು ಗಂಟೆ ಬರುತ್ತದೆ, ಅಷ್ಟರಲ್ಲಿ ಟವರಿನ ಸಿಗ್ನಲ್ಲೂ ಹೋಗಿರುತ್ತದೆ. ಆ ದಿನದ ಲೆಕ್ಕ ಮುಚ್ಚದೆ ಮರುದಿನದ ಲೆಕ್ಕ ತೆರೆಯಲು ತಂತ್ರಾಂಶ ಬಿಡುವುದಿಲ್ಲ. ಹೀಗಾಗಿ ಕ್ರಮಸಂಖ್ಯೆ ಅಚ್ಚಾದ ಕೈಚೀಟಿಗಳನ್ನು ಮಾಡಿಸಿಟ್ಟಿದ್ದೇವೆ. ಹಣ ಪಡೆದು, ಚೀಟಿ ಬರೆದು, ಒಂದು ಪ್ರತಿ ಸದಸ್ಯರಿಗೆ, ಇನ್ನೊಂದು ಮೇಜಿನ ಪಕ್ಕದ ಗೋಡೆಯ ಮೊಳೆಗೆ. ಸಂಪರ್ಕ ಬಂದ ಕೂಡಲೇ ಸಂಖ್ಯೆಯ ಕ್ರಮದಲ್ಲೇ ತುಂಬಬೇಕು, ಒಂದು ಚೀಟಿ ಕಾಣದಿದ್ದರೂ ಮುಂದೆ ಹೋಗುವಂತಿಲ್ಲ ಎಂಬುದು ನಾನು ಹಾಕಿದ ನಿಯಮ. ಚೀಟಿಯಲ್ಲಿ ಮನೆಯ ಹೆಸರಿಗೆ ಒಂದು ಖಾನೆ ಇದೆ; ಅದನ್ನು ಅಚ್ಚು ಹಾಕಿಸಿದ್ದು ಆ ಹುಡುಗಿ, ನನ್ನನ್ನು ಕೇಳದೆಯೇ.

ಇದನ್ನು ಬರೆಯುತ್ತಿರುವ ಇಂದು ಬೆಳಿಗ್ಗೆ ಹತ್ತರಿಂದ ಕರೆಂಟಿಲ್ಲ. ಮೊಳೆಯಲ್ಲಿ ಹದಿನೇಳು ಚೀಟಿ ಇವೆ, ಅವುಗಳಲ್ಲಿ ಎರಡು ತಿಮ್ಮಪ್ಪನವರವು. ಲೈನ್‌ಮನ್ ಸಂಕದ ಹತ್ತಿರ ಮರ ಕಡಿಸುತ್ತಿದ್ದಾರೆಂದು ಈಗಷ್ಟೇ ಯಾರೋ ಹೇಳಿ ಹೋದರು. ಐದೂವರೆಯವರೆಗೆ ಕಾದು ನೋಡಬೇಕು.