ಕೊಬ್ಬಿನ ಅಂಕಿಗಿಂತ ಮೊದಲು ಕೇಳುವ ಪ್ರಶ್ನೆಗಳು

ಪುಣೆಯಲ್ಲಿ ಆಹಾರತಜ್ಞೆಯಾಗಿರುವ ನನ್ನ ಬಳಿಗೆ ಬರುವ ಕನ್ನಡಿಗರಲ್ಲಿ ಹಿಂಜೆವಾಡಿಯ ಐಟಿ ಕಂಪನಿಗಳಲ್ಲಿ ದುಡಿಯುವವರೇ ಹೆಚ್ಚು, ಮತ್ತು ಅವರಲ್ಲಿ ಹಲವರು ಜಿಮ್‌ನಲ್ಲಿ ತೆಗೆಸಿದ ದೇಹರಚನೆಯ (ಮೈಯಲ್ಲಿ ಕೊಬ್ಬೆಷ್ಟು, ಸ್ನಾಯುವೆಷ್ಟು ಎಂಬ) ವರದಿಯನ್ನು ಹಿಡಿದೇ ಬರುತ್ತಾರೆ. ಅದನ್ನು ಪಕ್ಕಕ್ಕಿರಿಸಿ ನಾನು ಮೊದಲು ಎರಡು ಪ್ರಶ್ನಾವಳಿಗಳನ್ನು ಕೊಡುತ್ತೇನೆ: ಆತಂಕಕ್ಕೆ ಜಿಎಡಿ-7, ಊಟದ ಬಗೆಗಿನ ಧೋರಣೆಗೆ ಇಎಟಿ-26. ಮೊದಲನೆಯದರಲ್ಲಿ 10, ಎರಡನೆಯದರಲ್ಲಿ 20 ಅಥವಾ ಅದಕ್ಕಿಂತ ಹೆಚ್ಚು ಅಂಕ ಬಂದರೆ ಮನೋವೈದ್ಯರ ಬಳಿಗೆ ಕಳಿಸುತ್ತೇನೆ, ಅಂಕವೊಂದೇ ರೋಗನಿರ್ಣಯವಲ್ಲ. ಸಂಕಷ್ಟಿ, ಏಕಾದಶಿಗಳನ್ನು ಆಚರಿಸುವವರಲ್ಲಿ ಉಪವಾಸವು ಪಂಚಾಂಗದ ಪ್ರಕಾರ ಮುಗಿಯುತ್ತದೆಯೇ, ಇಲ್ಲವೇ ಭಯದಿಂದ ಮುಂದುವರಿಯುತ್ತದೆಯೇ ಎಂದು ಬಾಯಿಬಿಟ್ಟು ಕೇಳಲೇಬೇಕು.

ಹುಬ್ಬಳ್ಳಿ ಕಡೆಯ ಒಬ್ಬ ತರುಣಿಯ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) ಸಹಜವಾಗಿತ್ತು, ಕೊಬ್ಬಿನ ಶೇಕಡಾವಾರು ಮಾತ್ರ ಹೆಚ್ಚಿತ್ತು. ಇದು ನಮ್ಮವರಲ್ಲಿ ಅಪರೂಪವಲ್ಲ. ಇದೇ ಪುಣೆಯ ಮಧುಮೇಹ ತಜ್ಞ ಡಾ. ಚಿತ್ತರಂಜನ್ ಯಾಜ್ಞಿಕ್ ಅವರು ಬ್ರಿಟನ್ನಿನ ಜಾನ್ ಯುಡ್ಕಿನ್ ಅವರೊಡನೆ 2004ರಲ್ಲಿ ಪ್ರಕಟಿಸಿದ ಟಿಪ್ಪಣಿಯಲ್ಲಿ ಇಬ್ಬರ ಬಿಎಂಐಯೂ 22.3; ಕೊಬ್ಬು ಮಾತ್ರ ಯುಡ್ಕಿನ್ ಅವರಲ್ಲಿ ಶೇ 9.1, ಯಾಜ್ಞಿಕ್ ಅವರಲ್ಲಿ ಶೇ 21.2. ಆದರೆ ಈಕೆ ಆ ಅಂಕಿಗೆ ಹೆದರಿ, ಡಬ್ಬಿಯ ಪಲ್ಯವನ್ನು ಕಚೇರಿಯ ಪ್ಯಾಂಟ್ರಿಯಲ್ಲಿ ಬಿಸಿನೀರು ಹಾಕಿ ತೊಳೆದು ತಿನ್ನತೊಡಗಿದ್ದರು. "ಎಣ್ಣಿ ಕಂಡ್ರ ಎದಿ ಢವಢವ ಅಂತದರೀ ಮೇಡಂ" ಎಂದರು. ವಿಚಾರಿಸಿದಾಗ ಆ ಢವಢವ ಶಾಲೆಯ ಪರೀಕ್ಷೆಗಳ ಕಾಲದಿಂದಲೂ ಇತ್ತೆಂದು ತಿಳಿಯಿತು. ಆತಂಕ ಮೊದಲು ಬಂದು, ಊಟದ ಭಯ ಆಮೇಲೆ ಸೇರಿಕೊಳ್ಳುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ.

ಅರೆಹೊಟ್ಟೆಯೂ ಆತಂಕವನ್ನು ಹೆಚ್ಚಿಸುತ್ತದೆ. 1944-45ರಲ್ಲಿ ಅಮೆರಿಕದ ಮಿನ್ನೆಸೋಟಾದಲ್ಲಿ ಆನ್ಸೆಲ್ ಕೀಸ್ ಅವರು ಆರೋಗ್ಯವಂತರಾದ 36 ಯುವಕರಿಗೆ ಸುಮಾರು ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟಾಗ, ಅವರಲ್ಲಿ ಖಿನ್ನತೆ, ಸಿಡುಕುತನ ಮತ್ತು ದಿನವಿಡೀ ಊಟದ್ದೇ ಯೋಚನೆ ಕಾಣಿಸಿಕೊಂಡವು. ಜೊತೆಗೆ, ಕಡಿಮೆ ತಿಂದರೆ ಸ್ನಾಯುವೂ ಕರಗುವುದರಿಂದ, ತೂಕ ಇಳಿದರೂ ಕೊಬ್ಬಿನ ಶೇಕಡಾವಾರು ನಿರೀಕ್ಷಿಸಿದಷ್ಟು ಇಳಿಯುವುದಿಲ್ಲ. ಜಿಮ್‌ನ ಯಂತ್ರವಾದರೂ ಕೊಬ್ಬನ್ನು ನೇರವಾಗಿ ಅಳೆಯುವುದಿಲ್ಲ. ಸಣ್ಣ ವಿದ್ಯುತ್ ಹಾಯಿಸಿ ದೇಹದ ನೀರನ್ನು ಅಂದಾಜಿಸಿ ಲೆಕ್ಕ ಹಾಕುತ್ತದೆ, ಆದ್ದರಿಂದ ನೀರು ಕುಡಿಯದೆ ನಿಂತವರಲ್ಲಿ ಕೊಬ್ಬು ಹೆಚ್ಚೆಂದೇ ತೋರಿಸಬಹುದು. ಇದನ್ನು ವಿವರಿಸಿದಾಗ ಆ ತರುಣಿಗೆ ಸಿಕ್ಕ ಸಮಾಧಾನ ಯಾವ ಡಯಟ್ ಚಾರ್ಟಿನಿಂದಲೂ ಸಿಗುತ್ತಿರಲಿಲ್ಲ.

ಮನಶ್ಶಾಸ್ತ್ರಜ್ಞೆಯೊಬ್ಬರ ಜೊತೆ ಸೇರಿ ನಾವು ಭಯದ ತಿನಿಸುಗಳನ್ನು ಸುಲಭದಿಂದ ಕಠಿಣಕ್ಕೆ ಏರಿಸುತ್ತ ಹೋದೆವು: ಮೊದಲು ಒಣ ಶೇಂಗಾ ಚಟ್ನಿ, ನಂತರ ಅದಕ್ಕೆ ಒಂದು ಚಮಚ ಎಣ್ಣೆ, ಕೊನೆಗೆ ಎಣ್ಣೆಗಾಯಿ. ಹೊತ್ತಿಗೆ ಸರಿಯಾಗಿ ಊಟ, ನಡುವೆ ತಿಂಡಿ ಕಡ್ಡಾಯ. ತೂಕ ನೋಡುವುದು ನಮ್ಮಲ್ಲಿ ಮಾತ್ರ, ಅದೂ ಅವರಿಗೆ ಅಂಕಿ ಕಾಣದಂತೆ. (ಮುಟ್ಟು ನಿಂತಿರುವವರನ್ನು, ತಲೆಸುತ್ತಿ ಬೀಳುವವರನ್ನು ಇದಕ್ಕೆಲ್ಲ ಮೊದಲೇ ವೈದ್ಯರಿಗೆ ತೋರಿಸುತ್ತೇನೆ.) ಇಎಟಿ ಅಂಕ ಇಳಿದ ಮೇಲಷ್ಟೇ ಕೊಬ್ಬಿನ ಮಾತೆತ್ತಿ, ಸೊಂಟದ ಸುತ್ತಳತೆ ಮತ್ತು ರಕ್ತದ ಸಕ್ಕರೆಯ ವರದಿಯೊಡನೆ ಅದನ್ನು ನೋಡಿ, ಸ್ನಾಯು ಬೆಳೆಸುವ ವ್ಯಾಯಾಮವನ್ನು ಆರಂಭಿಸಿದೆವು.